ಕೇರಳದಲ್ಲಿ ಮುಳುಗಿದ ಹಡಗಿನ ಪ್ಲಾಸ್ಟಿಕ್ ಕಾಳು ಶ್ರೀಲಂಕಾದ ಮರಳಲ್ಲಿ: ನೆರೆಹೊರೆಯವರು ಕೂಡಿ ಏನು ಮಾಡಬಹುದು?

ಬೋಳಾರದವ

ನಮಸ್ಕಾರ. ಸ್ವಲ್ಪ ಉದ್ದದ ಪೋಸ್ಟ್, ಪೂರ್ತಿ ಓದಿ ಮಾತಾಡಿ.

2025ರ ಮೇ 25ಕ್ಕೆ ಎಂಎಸ್‌ಸಿ ಎಲ್ಸಾ 3 ಎಂಬ ಕಂಟೇನರ್ ಹಡಗು ವಿಳಿಂಜಂನಿಂದ ಕೊಚ್ಚಿಗೆ ಹೋಗುವ ದಾರಿಯಲ್ಲಿ ಮುಳುಗಿದ್ದು ನಿಮಗೆ ಗೊತ್ತುಂಟು. ಹಡಗಿನಲ್ಲಿದ್ದ 24 ಮಂದಿಯೂ ಬಚಾವಾದರು. ಇದ್ದದ್ದು 640 ಕಂಟೇನರ್. ಅದರಲ್ಲಿ ಕೆಲವು ಒಡೆದು ಪ್ಲಾಸ್ಟಿಕ್ ಕಾಳು ನೀರು ಸೇರಿತು. ನರ್ಡಲ್ ಅಂತಾರೆ ಅದಕ್ಕೆ. ಬಕೆಟ್, ಕೊಡ, ಕವರ್ ಎಲ್ಲ ತಯಾರಾಗುವುದು ಇದನ್ನು ಕರಗಿಸಿಯೇ. ಸಾಬಕ್ಕಿಯಷ್ಟೇ ಗಾತ್ರ, ಹಗುರ. ಮರಳಲ್ಲಿ ಬೆರೆತ ಮೇಲೆ ಕೈಯಲ್ಲಿ ಹೆಕ್ಕಿ ಮುಗಿಯುವುದಿಲ್ಲ, ಜರಡಿ ಹಿಡಿಯಬೇಕು. ಜರಡಿ ಹಿಡಿದರೆ ಚಿಪ್ಪು, ಸಣ್ಣ ಏಡಿ ಎಲ್ಲ ಒಟ್ಟಿಗೆ ಬರುತ್ತದೆ, ಮತ್ತೆ ಅದನ್ನು ಬೇರೆ ಮಾಡಬೇಕು. ಮೊದಲು ಕೇರಳದ ಕರೆಗೆ ಬಂತು, ಆಮೇಲೆ ಕನ್ಯಾಕುಮಾರಿ, ರಾಮೇಶ್ವರದ ಕಡೆ. ಜೂನ್‌ನಲ್ಲಿ ಶ್ರೀಲಂಕಾಕ್ಕೂ ಮುಟ್ಟಿತು.

ಶ್ರೀಲಂಕಾದವರು ಇದನ್ನು ಮೊದಲೇ ಕಂಡವರು. 2021ರ ಮೇ ತಿಂಗಳಲ್ಲಿ ಎಕ್ಸ್-ಪ್ರೆಸ್ ಪರ್ಲ್ ಎಂಬ ಹಡಗು ಕೊಲಂಬೊ ಹತ್ತಿರ ಬೆಂಕಿ ಹತ್ತಿ, ಜೂನ್‌ನಲ್ಲಿ ಮುಳುಗಿ, ಸುಮಾರು 1,680 ಟನ್ ಕಾಳು ಚೆಲ್ಲಿತ್ತು. ಬೆಂಕಿ ನಂದಿಸಲು ನಮ್ಮ ಕೋಸ್ಟ್ ಗಾರ್ಡ್ ಹಡಗುಗಳೂ ಹೋಗಿದ್ದವು, ಅದು ಹೆಮ್ಮೆಯ ವಿಷಯವೇ. ಆದರೆ ಅದಕ್ಕಿಂತ ಮೊದಲು ನಡೆದದ್ದು ನೋಡಿ. ಆ ಹಡಗಿನ ಒಂದು ಕಂಟೇನರ್‌ನಿಂದ ನೈಟ್ರಿಕ್ ಆಸಿಡ್ ಸೋರುತ್ತಿತ್ತು. ಇಳಿಸಿಕೊಳ್ಳಿ ಎಂದು ಕತಾರ್‌ನ ಹಮದ್ ಬಂದರಿನಲ್ಲಿ ಕೇಳಿದರು, ಗುಜರಾತಿನ ಹಜೀರಾದಲ್ಲಿ ಕೇಳಿದರು. ಎರಡೂ ಕಡೆ ಆಗುವುದಿಲ್ಲ ಅಂದರು. ಹಾಗೆಯೇ ಕೊಲಂಬೊಗೆ ಬಂತು. ನಷ್ಟ ಪೂರಾ ನೆಗೊಂಬೊ ಕಡೆಯ ಮೀನುಗಾರರ ತಲೆಗೆ.

ಈಗ ನನ್ನ ಪ್ರಶ್ನೆ. ಒಂದೇ ಕಡಲಿಗೆ ಮುಖ ಮಾಡಿ ಕೂತಿರುವ ರಾಜ್ಯಗಳು, ದೇಶಗಳು ಒಟ್ಟಾಗಿ ಮಾಡಬಹುದಾದ ಕೆಲಸ ಯಾವುದು? ಸಭೆ, ಘೋಷಣೆ ಬಿಟ್ಟು ಹೇಳಿ.

ತಾಂಡೇಲ, ಮಲ್ಪೆ

ಹಡಗು ಮುಳುಗಿದರೆ ಟಿವಿಯವರು ಬರ್ತಾರೆ. ನಮ್ಮ ಬಲೆಗೆ ದಿನಾ ಬೀಳುವುದನ್ನು ನೋಡಲಿಕ್ಕೆ ಯಾರೂ ಬರುವುದಿಲ್ಲ ಮಾರಾಯ್ರೆ.

ಟ್ರಾಲ್ ಬಲೆ ಎಳೆದು ಚೀಲದ ಹಗ್ಗ ಬಿಚ್ಚಿದಾಗ ಡೆಕ್ಕಿಗೆ ಏನೇನು ಬೀಳುತ್ತದೆ ಹೇಳುತ್ತೇನೆ. ಹಾಲಿನ ಪ್ಯಾಕೆಟ್, ಗುಟ್ಕಾ ಚೀಟಿ, ಸಿಮೆಂಟ್ ಚೀಲದ ತುಂಡು, ಒಂಟಿ ಚಪ್ಪಲಿ, ಮಕ್ಕಳ ಡಯಾಪರ್, ಯಾರದೋ ಹರಿದ ಬಲೆ. ಆಗಸ್ಟ್‌ನಲ್ಲಿ ಅತಿ ಹೆಚ್ಚು. ಜೂನ್ 1ರಿಂದ ಜುಲೈ 31ರವರೆಗೆ ನಮಗೆ ರಜೆ, ಹೊಳೆಗಳಿಗೆ ರಜೆ ಇಲ್ಲವಲ್ಲ. ಎರಡು ತಿಂಗಳು ತಂದು ಹಾಕಿದ್ದೆಲ್ಲ ಅಡಿಯಲ್ಲಿ ಕೂತಿರುತ್ತದೆ. ಕವರ್ ಒಳಗೆ ಕೆಸರು ತುಂಬಿ ಭಾರ ಬೇರೆ, ಕೆಲವು ಸಲ ಬಲೆಯೇ ಹರಿಯುತ್ತದೆ. ಸಣ್ಣ ಸಿಗಡಿ ಹೆಕ್ಕುವವರಿಗೆ ಇದನ್ನು ಬಿಡಿಸುವುದೇ ಅರ್ಧ ಕೆಲಸ.

ಆಮೇಲೆ ಎಂತ ಮಾಡುವುದು? ಕಲಾಸಿಗಳು, ಅಂದರೆ ಬೋಟಿನ ಕೆಲಸದವರು, ತಿರುಗಿ ನೀರಿಗೇ ತಳ್ಳುತ್ತಾರೆ. ಸರಿಯಲ್ಲ ಅಂತ ಅವರಿಗೂ ಗೊತ್ತುಂಟು. ದಡಕ್ಕೆ ತಂದರೆ ತೆಗೆದುಕೊಳ್ಳುವವರು ಯಾರು? ಒಂದು ಸಲ ಚೀಲ ಕಟ್ಟಿ ತಂದ ಬೋಟಿನವರಿಗೆ "ದಕ್ಕೆಯಲ್ಲಿ ಕಸ ಹಾಕ್ತೀರಾ" ಅಂತ ಬೈಗಳು ಸಿಕ್ಕಿದ್ದನ್ನು ನಾನೇ ನೋಡಿದ್ದೇನೆ. ದೇಶ-ದೇಶದ ಮಾತು ಆಮೇಲೆ. ದಕ್ಕೆಯಲ್ಲಿ, ಅಂದರೆ ಬೋಟು ನಿಲ್ಲುವ ಕಟ್ಟೆಯಲ್ಲಿ, ಕಸಕ್ಕೆ ಒಂದು ಜಾಗ ಮಾಡಿಕೊಡಿ, ನಾವು ತರುತ್ತೇವೆ.

ಅಲೆಗಣಿತ

ಸಾಗರಶಾಸ್ತ್ರ ಪಾಠ ಮಾಡುವವಳು ನಾನು. ಕಾಳು ದಕ್ಷಿಣಕ್ಕೇ ಏಕೆ ಹೋಯಿತು ಎಂಬುದನ್ನು ಸೇರಿಸುತ್ತೇನೆ, ಏಕೆಂದರೆ ಯಾರು ಯಾರ ಜೊತೆ ಕೂತು ಮಾತಾಡಬೇಕು ಎಂಬುದನ್ನು ಕಡಲ ನೀರಿನ ಪ್ರವಾಹವೇ ತೀರ್ಮಾನಿಸುತ್ತದೆ.

ನೈಋತ್ಯ ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಯ ಉದ್ದಕ್ಕೂ ಪ್ರವಾಹ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಕಾರವಾರದ ನೀರು ಮಂಗಳೂರಿಗೆ, ಮಂಗಳೂರಿನದು ಕಾಸರಗೋಡು, ಕಣ್ಣೂರಿಗೆ, ಅಲ್ಲಿಂದ ಕನ್ಯಾಕುಮಾರಿ ದಾಟಿ ಶ್ರೀಲಂಕಾದ ಕಡೆಗೆ. ಹೊಳೆಗಳು ಅತಿ ಹೆಚ್ಚು ಕಸ ಹೊರುವುದೂ ಇದೇ ತಿಂಗಳುಗಳಲ್ಲಿ ಎಂಬುದನ್ನು ಮರೆಯಬೇಡಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಇದು ತಿರುಗುಮುರುಗಾಗುತ್ತದೆ. ಬಂಗಾಳ ಕೊಲ್ಲಿಯ ನೀರು ಆಂಧ್ರ, ತಮಿಳುನಾಡಿನ ದಡ ಹಿಡಿದು ಕೆಳಗಿಳಿದು, ಶ್ರೀಲಂಕಾವನ್ನು ಬಳಸಿ ಅರಬ್ಬೀ ಸಮುದ್ರಕ್ಕೆ ಬಂದು, ನಮ್ಮ ದಡದಲ್ಲಿ ಉತ್ತರಕ್ಕೆ ಏರುತ್ತದೆ.

ಹಾಗಾಗಿ ಈ ಕಡಲಲ್ಲಿ ಕಾಯಂ ಆಗಿ ಕಳಿಸುವವರು, ಕಾಯಂ ಆಗಿ ಪಡೆಯುವವರು ಎಂಬುದಿಲ್ಲ. ಆರು ತಿಂಗಳು ನಾವು ಕಳಿಸುತ್ತೇವೆ, ಉಳಿದ ದಿನ ಅವರದ್ದು ನಮಗೆ ಬರುತ್ತದೆ.

ಇನ್ನೊಂದು ವಿಷಯ. ಹಿಂದೆಲ್ಲ ಹತ್ತು ಮಹಾನದಿಗಳೇ ಸಮುದ್ರಕ್ಕೆ ಪ್ಲಾಸ್ಟಿಕ್ ಒಯ್ಯುವುದು, ಅದರಲ್ಲಿ ಗಂಗೆ, ಸಿಂಧೂ ಮುಖ್ಯ ಎಂಬ ಲೆಕ್ಕ ಓಡಾಡುತ್ತಿತ್ತು. 2021ರಲ್ಲಿ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಅದನ್ನು ಬದಲಿಸಿತು. ಶೇ 80ರಷ್ಟು ಪ್ಲಾಸ್ಟಿಕ್ ಬರುವುದು ಸಾವಿರಕ್ಕೂ ಹೆಚ್ಚು ನದಿಗಳಿಂದ, ಅದರಲ್ಲೂ ಊರುಗಳ ನಡುವೆ ಹರಿಯುವ ಸಣ್ಣ ನದಿಗಳ ಪಾಲು ದೊಡ್ಡದು ಎಂದು ಅದು ಹೇಳುತ್ತದೆ. ಕಡಲಿಗೆ ಹತ್ತಿರ, ಮಳೆ ಜೋರು, ಇಳಿಜಾರು, ಪಕ್ಕದಲ್ಲೇ ಪೇಟೆ: ಈ ನಾಲ್ಕೂ ನಮ್ಮ ಘಟ್ಟದ ಕೆಳಗಿನ ಹೊಳೆಗಳಿಗೆ ಹೊಂದುತ್ತವೆ.

ನಾಗರಬಾವಿ ನಿವಾಸಿ

ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಪ್ರಾದೇಶಿಕ ಸಹಕಾರ ಅನ್ನೋದು ಮನೆ ಕೆಲಸ ತಪ್ಪಿಸಿಕೊಳ್ಳೋಕೆ ಒಳ್ಳೆ ದಾರಿ. ಕೊಲಂಬೊದಲ್ಲಿ ಸಾಕೆಪ್ ಅಂತ ದಕ್ಷಿಣ ಏಷ್ಯಾದ ಎಂಟು ದೇಶಗಳ ಪರಿಸರ ಸಂಸ್ಥೆ 1982ರಿಂದ ಇದೆ. 2020ರಲ್ಲಿ ವಿಶ್ವಬ್ಯಾಂಕ್ ಅದರ ಮೂಲಕವೇ ನದಿ-ಸಮುದ್ರ ಪ್ಲಾಸ್ಟಿಕ್ ತಡೆಯೋ ಯೋಜನೆಗೆ ಸುಮಾರು 5 ಕೋಟಿ ಡಾಲರ್ ಕೊಡ್ತೀನಿ ಅಂತು. ಇಲ್ಲಿರೋರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ವಿಶ್ವಸಂಸ್ಥೆಯ ಪ್ಲಾಸ್ಟಿಕ್ ಒಪ್ಪಂದದ ಮಾತುಕತೆ 2022ರಲ್ಲಿ ಶುರುವಾಗಿ, 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲೂ ಒಮ್ಮತ ಆಗಲಿಲ್ಲ.

ಬಾಂಗ್ಲಾದೇಶ 2002ರಲ್ಲೇ ತೆಳು ಪಾಲಿಥಿನ್ ನಿಷೇಧಿಸಿತು, ಪ್ರಪಂಚದಲ್ಲೇ ಮೊದಲು. 1988, 1998ರ ಪ್ರವಾಹದಲ್ಲಿ ಢಾಕಾದ ಚರಂಡಿಗಳು ಕಟ್ಟಿಕೊಂಡಿದ್ದನ್ನ ನೋಡಿ ಮಾಡಿದ ಕಾನೂನು. 2024ರಲ್ಲಿ ಮತ್ತೆ ಅದನ್ನೇ ಜಾರಿ ಮಾಡ್ತೀವಿ ಅಂತ ಹೊರಡಬೇಕಾಯ್ತು. ನಮ್ಮ ರಾಜ್ಯ 2016ರಲ್ಲಿ ನಿಷೇಧಿಸಿತು, ಕೇಂದ್ರ 2022ರ ಜುಲೈ 1ರಿಂದ. ನಮ್ಮ ಬೀದಿ ತರಕಾರಿ ಗಾಡಿಯಲ್ಲಿ ಇವತ್ತೂ ಕವರ್ ಕೊಡ್ತಾರೆ. ಮೊದಲು ಇದು ಸರಿ ಆಗಲಿ.

ಅಲೆಗಣಿತ

ನಿಮ್ಮ ಬೀದಿಯ ಕವರ್ ಎಲ್ಲಿಗೆ ಹೋಗುತ್ತದೆ ಎಂದು ಹಿಂಬಾಲಿಸಿ ನೋಡಿ. ನಿಮ್ಮ ಕಡೆಯ ರಾಜಕಾಲುವೆ ವೃಷಭಾವತಿಗೆ, ಅದು ಅರ್ಕಾವತಿಗೆ, ಅದು ಸಂಗಮದಲ್ಲಿ ಕಾವೇರಿಗೆ, ಕಾವೇರಿ ಪೂಂಪುಹಾರ್‌ನಲ್ಲಿ ಬಂಗಾಳ ಕೊಲ್ಲಿಗೆ. ಬೆಳ್ಳಂದೂರು, ವರ್ತೂರು ಕಡೆಯದ್ದು ದಕ್ಷಿಣ ಪಿನಾಕಿನಿಯಲ್ಲಿ ಹೊಸೂರಿನ ಕೆಲವರಪಲ್ಲಿ ಅಣೆಕಟ್ಟಿಗೆ. ಎರಡೂ ತಮಿಳುನಾಡಿಗೇ. ಮನೆ ಕೆಲಸ ಮತ್ತು ನೆರೆಯವರ ಕೆಲಸ ಎಂದು ಇದನ್ನು ಬೇರೆ ಮಾಡಲು ಬರುವುದಿಲ್ಲ.

ಮಂಜೇಶ್ವರದಾಕೆ

ನಾನು ಕೇರಳದ ಕನ್ನಡತಿ. ಎರಡೂ ಕಡೆಯ ದೂರು ನಮ್ಮ ಕಿವಿಗೆ ಬೀಳುತ್ತದೆ, ಹಾಗಾಗಿ ಹೇಳುತ್ತೇನೆ.

ಕರ್ನಾಟಕದಲ್ಲಿ "ಕೇರಳದವರು ಲಾರಿಯಲ್ಲಿ ಕಸ ತಂದು ಸುರಿಯುತ್ತಾರೆ" ಅನ್ನುತ್ತಾರೆ. ಸುಳ್ಳಲ್ಲ. ಗಡಿಯಲ್ಲಿ ಹಿಡಿದದ್ದೂ ಉಂಟು. ತಮಿಳುನಾಡಿನ ತಿರುನೆಲ್ವೇಲಿಯಲ್ಲಿ ಕೇರಳದ ಆಸ್ಪತ್ರೆ ಕಸ ಸಿಕ್ಕಿ, ಹಸಿರು ನ್ಯಾಯಮಂಡಳಿಯ ಆದೇಶದ ಮೇಲೆ 2024ರ ಡಿಸೆಂಬರ್‌ನಲ್ಲಿ ಇಲ್ಲಿಂದ ಲಾರಿ ಹೋಗಿ ತಿರುಗಿ ತರಬೇಕಾಯಿತು. ಆದರೆ ಹೊಳೆಯ ಲೆಕ್ಕ ಯಾರೂ ತೆಗೆಯುವುದಿಲ್ಲ. ಪಯಸ್ವಿನಿ ಹುಟ್ಟುವುದು ಕೊಡಗಿನಲ್ಲಿ, ಸುಳ್ಯ ಪೇಟೆಯ ಪಕ್ಕದಲ್ಲೇ ಹರಿದು ಬರುತ್ತದೆ, ಕೊನೆಗೆ ಚಂದ್ರಗಿರಿಯಾಗಿ ಕಾಸರಗೋಡಿನಲ್ಲಿ ಕಡಲು ಸೇರುತ್ತದೆ. ಮಳೆಗಾಲದಲ್ಲಿ ಚಂದ್ರಗಿರಿಯ ದಡದ ಪೊದೆಗಳಲ್ಲಿ ಸಿಕ್ಕಿಕೊಳ್ಳುವ ಪ್ಯಾಕೆಟ್‌ಗಳ ಮೇಲೆ ಕನ್ನಡ ಅಕ್ಷರ ಇರುತ್ತದೆ. ವಯನಾಡಿನಿಂದ ಕಪಿಲೆ ನಿಮ್ಮ ಕಡೆ ಬರುತ್ತಾಳೆ, ಅದರಲ್ಲಿ ಮಲಯಾಳದ್ದು ಇರಬಹುದು. ಒಂದು ಹೊಳೆಯಲ್ಲಿ ನೀವು ಮೇಲಿನವರು, ಇನ್ನೊಂದರಲ್ಲಿ ನಾವು. ಎರಡು ರಾಜ್ಯದ ಅಧಿಕಾರಿಗಳು ಈ ಎರಡು ಹೊಳೆಯ ಹೆಸರು ಬರೆದುಕೊಂಡು ಕೂತರೆ ಮಾತು ತುಂಬ ಬೇಗ ಮುಗಿಯುತ್ತದೆ.

ತಾಂಡೇಲಣ್ಣ, ನೀವು ಕೇಳಿದ ಜಾಗದ ವಿಷಯ. ಕೊಲ್ಲಂನ ಶಕ್ತಿಕುಳಂಗರ, ನೀಂಡಕರ ಬಂದರಿನಲ್ಲಿ 2017ರಿಂದ ಶುಚಿತ್ವ ಸಾಗರಂ ಎಂಬ ಯೋಜನೆ ಶುರುವಾಗಿತ್ತು. ಬೋಟುಗಳಿಗೆ ಬಲೆಚೀಲ ಕೊಟ್ಟರು. ಬಲೆಗೆ ಬಿದ್ದ ಪ್ಲಾಸ್ಟಿಕ್ ಅದರಲ್ಲಿ ತುಂಬಿ ತರುವುದು, ದಡದಲ್ಲಿ ಮೀನುಗಾರ ಕುಟುಂಬದ ಹೆಂಗಸರು ತೊಳೆದು ವಿಂಗಡಿಸುವುದು, ಅವರಿಗೆ ಸಂಬಳ, ಯಂತ್ರದಲ್ಲಿ ಪುಡಿ ಮಾಡಿದ್ದು ರಸ್ತೆ ಡಾಂಬರಿಗೆ. ಮೀನುಗಾರಿಕೆ ಇಲಾಖೆ, ಬಂದರು ಇಲಾಖೆ, ಬೋಟು ಮಾಲಕರ ಸಂಘ ಎಲ್ಲ ಒಟ್ಟಿಗೆ ನಿಂತದ್ದರಿಂದ ಆಯಿತು. ಒಬ್ಬರೇ ಆಗಿದ್ದರೆ ಆಗುತ್ತಿರಲಿಲ್ಲ.

ಮನೆಗಳ ಕಸಕ್ಕೆ ನಮ್ಮಲ್ಲಿ ಹರಿತ ಕರ್ಮ ಸೇನೆ ಉಂಟು. ತಿಂಗಳಿಗೆ 50 ರೂಪಾಯಿ ಕೊಡಬೇಕು, ಅವರು ಬಂದು ತೊಳೆದು ಒಣಗಿಸಿದ ಪ್ಲಾಸ್ಟಿಕ್ ಒಯ್ಯುತ್ತಾರೆ. ಮೊದಮೊದಲು ಜನ ಜಗಳ ಮಾಡಿದರು, ಈಗ ಅಡುಗೆಮನೆ ಹಿಂದಿನ ಹಗ್ಗದಲ್ಲಿ ಹಾಲಿನ ಕವರ್ ಒಣಗುವುದು ಎಲ್ಲ ಮನೆಯಲ್ಲೂ ಕಾಣುತ್ತದೆ.

ಕೋಟೆ ಹುಡುಗ

ಮೇಡಂ, ಎಚ್.ಡಿ. ಕೋಟೆಯಿಂದ. ನೀವು ಹೇಳಿದ್ದು ನಿಜ ಕಣ್ರೀ. ವಯನಾಡಲ್ಲಿ ಮಳೆ ಜೋರಾದ್ರೆ ಬೀಚನಹಳ್ಳಿಯ ಕಪಿಲೆ (ಕಬಿನಿ) ಹಿನ್ನೀರಿನ ಮೂಲೆಗಳಲ್ಲಿ ಬಾಟ್ಲಿ, ಥರ್ಮಾಕೋಲ್ ತೇಲ್ತಾ ಬಂದು ಗುಡ್ಡೆ ಆಗುತ್ತೆ. ಆದ್ರೆ ಹಿನ್ನೀರು ನೋಡೋಕೆ ಬರೋ ನಮ್ಮ ಮೈಸೂರು, ಬೆಂಗಳೂರಿನವರು ಬಿಟ್ಟು ಹೋಗೋದೂ ಅದರಲ್ಲೇ ಸೇರ್ಕೊಂಡಿರುತ್ತೆ. ಯಾವುದು ಯಾರದ್ದು ಅಂತ ನೋಡೋಕೆ ಒಂದು ಸಲ ಯಾರಾದ್ರೂ ಸರಿಯಾಗಿ ಎಣಿಸಬೇಕು. ಎಣಿಸದೆ ಬರೀ ಬೈದಾಡ್ತೀವಿ.

ಡೆನ್ ಹಾಗ್ ಕನ್ನಡತಿ

ಎಣಿಸುವ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಇಲ್ಲಿ ನೆದರ್ಲೆಂಡ್ಸ್‌ನಲ್ಲಿ ನಾನು ಕಡಲದಡದ ಎಣಿಕೆಗೆ ಸ್ವಯಂಸೇವಕಿಯಾಗಿ ಹೋಗುತ್ತೇನೆ.

ಈಶಾನ್ಯ ಅಟ್ಲಾಂಟಿಕ್‌ನ ದೇಶಗಳದ್ದು ಆಸ್ಪಾರ್ ಎಂಬ ಒಪ್ಪಂದ ಇದೆ. ಅದರ ಪ್ರಕಾರ ಗುರುತು ಮಾಡಿದ ಅದೇ 100 ಮೀಟರ್ ದಡ, ವರ್ಷಕ್ಕೆ ನಾಲ್ಕು ಸಲ, ಎಲ್ಲ ದೇಶದಲ್ಲೂ ಒಂದೇ ಪಟ್ಟಿ. ಪಟ್ಟಿಯಲ್ಲಿ ಬಾಟಲಿ ಮುಚ್ಚಳಕ್ಕೆ ಒಂದು ಸಂಖ್ಯೆ, ಕಿವಿಗೆ ಹಾಕುವ ಹತ್ತಿಕಡ್ಡಿಗೆ ಒಂದು, ಹಗ್ಗದ ತುಂಡಿಗೆ ಒಂದು, ಬಲೂನಿಗೆ ಒಂದು. ನೋಡಿದವರಿಗೆ ಇದು ಬೇಸರದ ಕೆಲಸ. ಚಳಿಗಾಳಿಯಲ್ಲಿ ಬಗ್ಗಿ ಬಗ್ಗಿ ಹಗ್ಗದ ಎಳೆ ಹೆಕ್ಕಿ, ಅದು ಒಂದು ಸೆಂಟಿಮೀಟರ್‌ಗಿಂತ ದಪ್ಪವೋ ತೆಳುವೋ ನೋಡಿ ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು.

ಆದರೆ ಅದರಿಂದ ಆದದ್ದು ನೋಡಿ. ಯುರೋಪಿನ ದಡಗಳಲ್ಲಿ ಹೆಚ್ಚು ಸಿಗುವ ಹತ್ತು ವಸ್ತು ಯಾವುವು ಎಂಬುದು ಇಂಥ ಎಣಿಕೆಗಳಿಂದಲೇ ಗೊತ್ತಾಯಿತು. 2019ರಲ್ಲಿ ಯುರೋಪಿಯನ್ ಒಕ್ಕೂಟ ಮಾಡಿದ ಕಾನೂನು ಆ ಹತ್ತು ವಸ್ತುಗಳ ಮೇಲೆ, ಜೊತೆಗೆ ಮೀನುಬಲೆಗಳ ಮೇಲೆ. ಸ್ಟ್ರಾ, ಹತ್ತಿಕಡ್ಡಿ, ಪ್ಲಾಸ್ಟಿಕ್ ತಟ್ಟೆ-ಚಮಚ 2021ರ ಜುಲೈನಿಂದ ನಿಷೇಧ. 100 ಮೀಟರಿಗೆ 20ಕ್ಕಿಂತ ಕಡಿಮೆ ಕಸ ಎಂಬುದು ಗುರಿ. ಬಹಳಷ್ಟು ದಡಗಳು ಇನ್ನೂ ಅದರಿಂದ ದೂರವಿದ್ದರೂ ಸಂಖ್ಯೆ ಇಳಿಯುತ್ತಿದೆ, ಇಳಿದದ್ದು ಎಲ್ಲರಿಗೂ ಒಂದೇ ಲೆಕ್ಕದಲ್ಲಿ ಕಾಣುತ್ತದೆ.

ಮಂಜೇಶ್ವರದವರು ಹೇಳಿದ ಚೀಲ ಇಲ್ಲಿಯೂ ಇದೆ. ಮೀನುಗಾರರು ಬಲೆಗೆ ಸಿಕ್ಕ ಕಸ ತರುವ ಯೋಜನೆ ನೆದರ್ಲೆಂಡ್ಸ್‌ನಲ್ಲಿ 2000ದಲ್ಲಿ ಶುರುವಾಗಿ ಸುತ್ತಲಿನ ದೇಶಗಳಿಗೆ ಹಬ್ಬಿತು. ಚೀಲವನ್ನು ಬಂದರು ಪುಕ್ಕಟೆ ತೆಗೆದುಕೊಳ್ಳುತ್ತದೆ. ಆ ಒಂದು ಶರತ್ತು ಇಲ್ಲದಿದ್ದರೆ ಯಾವ ಮೀನುಗಾರನೂ ತರುತ್ತಿರಲಿಲ್ಲ.

ಯುರೋಪಿನಲ್ಲಿ ಎಲ್ಲ ಸರಿ ಇದೆ ಎಂದು ದಯವಿಟ್ಟು ತಿಳಿಯಬೇಡಿ. ಬೋಸ್ನಿಯಾದ ವಿಶೆಗ್ರಾದ್ ಎಂಬಲ್ಲಿ ದ್ರಿನಾ ನದಿಗೆ ಜಲವಿದ್ಯುತ್ ಅಣೆಕಟ್ಟಿದೆ. ಮಳೆ ಹೆಚ್ಚಾದರೆ ಮೇಲಿನ ಮಾಂಟೆನೆಗ್ರೊ, ಸರ್ಬಿಯಾ, ಬೋಸ್ನಿಯಾ ಮೂರೂ ಕಡೆಯ ಕಸ ಬಂದು ಅಲ್ಲಿ ನಿಲ್ಲುತ್ತದೆ, ವರ್ಷ ವರ್ಷವೂ. ಮೂರು ದೇಶದವರೂ ಕೂತು ಮಾತಾಡಿದ್ದಾರೆ. ಮೇಲಿನ ಊರುಗಳ ನದಿದಡದ ಕಸದ ಗುಡ್ಡೆಗಳು ಎದ್ದಿಲ್ಲ, ಹಾಗಾಗಿ ಕೆಳಗೆ ಜೆಸಿಬಿ ಎತ್ತುತ್ತಲೇ ಇದೆ.

ಪಂಚಾಯತ್ ಸದಸ್ಯೆ, ದ.ಕ.

ಅಕ್ಕ, ಕೊನೆಯ ಸಾಲು ನಮ್ಮ ಮಂಗಳೂರಿನ ಪಚ್ಚನಾಡಿಗೂ ಹೊಂದುತ್ತದೆ. 2019ರ ಆಗಸ್ಟ್ ಮಳೆಗೆ ಅಲ್ಲಿಯ ಕಸದ ಗುಡ್ಡ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಬಂತು. ಅಡಿಕೆ ಮರಗಳು ಕಸದೊಳಗೆ ಹೂತು ಹೋದದ್ದನ್ನು ಕಂಡವರಿಗೆ ಮರೆಯಲಿಕ್ಕೆ ಸಾಧ್ಯ ಇಲ್ಲ. ಅಲ್ಲಿಂದ ಇಳಿದ ನೀರು ಸೇರಿದ್ದು ಫಲ್ಗುಣಿಗೆ.

ಈಗ ದುಡ್ಡಿನ ಮಾತು. ಇದನ್ನು ಬಿಟ್ಟು ಸಹಕಾರ ಅಂದರೆ ಗಾಳಿಗೆ ಗುದ್ದಿದ ಹಾಗೆ.

ಹಳ್ಳಿಯ ಒಣಕಸ ಘಟಕಕ್ಕೆ ಬರುವ ಪ್ಲಾಸ್ಟಿಕ್‌ನಲ್ಲಿ ನೀರಿನ ಬಾಟಲಿ, ಶಾಂಪೂ ಡಬ್ಬಿ, ಹಾಲಿನ ಕವರ್ ಗುಜರಿಗೆ ಹೋಗುತ್ತದೆ. ಅದಕ್ಕೆ ರೇಟು ಉಂಟು. ಅದನ್ನು ಹೊಳೆಯಲ್ಲಿ ಬಿಡುವವರು ಕಡಿಮೆ, ಬಿಟ್ಟರೂ ಹೆಕ್ಕುವವರಿದ್ದಾರೆ. ರೇಟು ಇಲ್ಲದ್ದು ಚಿಪ್ಸ್ ಪ್ಯಾಕೆಟ್, ಬಿಸ್ಕೆಟ್ ಹೊದಿಕೆ, ಗುಟ್ಕಾ ಚೀಟಿ, ಒಂದು ರೂಪಾಯಿಯ ಶಾಂಪೂ. ಇವು ಪ್ಲಾಸ್ಟಿಕ್ಕಿನ ಮೇಲೆ ಅಲ್ಯೂಮಿನಿಯಂ, ಅದರ ಮೇಲೆ ಇನ್ನೊಂದು ಪ್ಲಾಸ್ಟಿಕ್ ಅಂಟಿಸಿದ್ದು, ಬೇರೆ ಮಾಡಲಿಕ್ಕೆ ಆಗುವುದಿಲ್ಲ. ಸಿಮೆಂಟ್ ಫ್ಯಾಕ್ಟರಿಯ ಒಲೆಗೆ ಹಾಕಬೇಕು. ಫ್ಯಾಕ್ಟರಿಗಳಿರುವುದು ಕಲಬುರಗಿ, ಬಾಗಲಕೋಟೆ ಕಡೆ. ಇಲ್ಲಿಂದ ಲಾರಿ ಬಾಡಿಗೆ ಯಾರು ಕೊಡುವುದು? ಒತ್ತಿ ಬೇಲ್ (ದೊಡ್ಡ ಕಟ್ಟು) ಕಟ್ಟಿ ಶೆಡ್ಡಿನಲ್ಲಿ ಇಡುತ್ತೇವೆ, ಶೆಡ್ಡು ತುಂಬುತ್ತದೆ, ಮಳೆಗಾಲ ಬರುತ್ತದೆ.

ಎಡಪದವು, ನಿಟ್ಟೆಯಲ್ಲಿ ಹಲವು ಪಂಚಾಯಿತಿಗಳಿಗೆ ಸೇರಿ ಒಂದೊಂದು ದೊಡ್ಡ ಎಂಆರ್‌ಎಫ್, ಅಂದರೆ ಒಣಕಸ ವಿಂಗಡಿಸುವ ಘಟಕ, ಆದ ಮೇಲೆ ಸ್ವಲ್ಪ ಉಸಿರಾಡುವ ಹಾಗಾಗಿದೆ. ಲೋಡು ಒಟ್ಟಾದರೆ ಬಾಡಿಗೆ ಹಂಚಿ ಹೋಗುತ್ತದೆ. ಪ್ರಾದೇಶಿಕ ಸಹಕಾರ ಅಂದರೆ ನನಗೆ ಮೊದಲು ಕಾಣುವುದು ಇದು. ಮಂಜೇಶ್ವರದ ಬೇಲು ಮತ್ತು ಉಳ್ಳಾಲದ ಬೇಲು ಒಂದೇ ಲಾರಿಯಲ್ಲಿ ಯಾಕೆ ಹೋಗಬಾರದು? ಗಡಿ ದಾಟುವ ಕಸ ಅಂದ ಕೂಡಲೇ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸುತ್ತಾರೆ, ಕಳ್ಳ ಲಾರಿಗೂ ವಿಂಗಡಿಸಿದ ಬೇಲಿಗೂ ವ್ಯತ್ಯಾಸ ಮಾಡುವ ಒಂದು ಕಾಗದ ಎರಡು ರಾಜ್ಯ ಒಪ್ಪಿ ಮಾಡಲಿ.

ಇನ್ನು ಒಂದು ವಿಷಯ, ಇದನ್ನು ಯಾರೂ ಬರೆಯುವುದಿಲ್ಲ. ನಮ್ಮ ತೋಡುಗಳಲ್ಲಿ ಕಿಂಡಿ ಅಣೆಕಟ್ಟು ಉಂಟಲ್ಲ. ಮಳೆ ಮುಗಿದ ಮೇಲೆ ಹಲಗೆ ಹಾಕುತ್ತಾರೆ, ಮಳೆಗೆ ಮೊದಲು ತೆಗೆಯುತ್ತಾರೆ. ಬೇಸಿಗೆಯಿಡೀ ತೇಲಿ ಬಂದ ಪ್ಲಾಸ್ಟಿಕ್ ಹಲಗೆಯ ಹಿಂದೆ ನಿಂತಿರುತ್ತದೆ. ಹಲಗೆ ತೆಗೆದ ದಿನ ಒಂದೇ ಸಲಕ್ಕೆ ಕೆಳಗೆ ಹೋಗುತ್ತದೆ. ಹಲಗೆ ಎತ್ತುವ ಮೊದಲು ಅರ್ಧ ದಿನ ಬಲೆ ಹಾಕಿ ಎಳೆದರೆ ಸಾಕು. ನಮ್ಮ ವಾರ್ಡಿನಲ್ಲಿ ಈ ಸಲ ಮಾಡಿದೆವು. ನೀರು ನಿಂತಿರುವಾಗ ಎತ್ತುವುದಕ್ಕೂ ಹರಿಯುವಾಗ ಎತ್ತುವುದಕ್ಕೂ ಖರ್ಚಿನಲ್ಲಿ ಅಜಗಜಾಂತರ.

ನಾಗರಬಾವಿ ನಿವಾಸಿ

ಮೇಡಂ, ಇದು ನನಗೆ ಒಪ್ಪಿಗೆ ಆಗೋ ಮಾತು. ಆದ್ರೆ ಲಾರಿ ಬಾಡಿಗೆ ಪಂಚಾಯಿತಿ ಯಾಕೆ ಕೊಡಬೇಕು? 2022ರ ಫೆಬ್ರವರಿಯ ನಿಯಮದ ಪ್ರಕಾರ ಪ್ಯಾಕೆಟ್ ತಯಾರಿಸೋ ಕಂಪನಿಗಳೇ ತಮ್ಮ ಕಸದ ಹೊಣೆ ಹೊರಬೇಕು. ಅವರು ಎಲ್ಲೋ ಒಂದು ಕಡೆ ಅಷ್ಟೇ ತೂಕ ಸಂಸ್ಕರಿಸಿದ ಸರ್ಟಿಫಿಕೇಟ್ ಕೊಂಡು ಲೆಕ್ಕ ಒಪ್ಪಿಸ್ತಾರೆ. ಫ್ಯಾಕ್ಟರಿ ಪಕ್ಕದ ಊರಿನ ಕಸ ಅಗ್ಗ, ನಿಮ್ಮ ದೂರದ ಹಳ್ಳಿಯದ್ದು ದುಬಾರಿ. ಹಾಗಾಗಿ ನಿಮ್ಮದನ್ನ ಯಾರೂ ಕೇಳಲ್ಲ. ಕರಾವಳಿ ಮತ್ತು ನದಿದಡದ ಪಂಚಾಯಿತಿಗಳಿಂದ ಇಷ್ಟು ಪಾಲು ಎತ್ತಲೇಬೇಕು ಅಂತ ನಿಯಮದಲ್ಲಿ ಬರಬೇಕು. ಅದೇ ಕಂಪನಿಗಳು ಶ್ರೀಲಂಕಾ, ಬಾಂಗ್ಲಾದಲ್ಲೂ ಮಾರ್ತಾವೆ. ಶ್ರೀಲಂಕಾ 2021ರಲ್ಲಿ ಸಣ್ಣ ಸ್ಯಾಶೆಗಳನ್ನೇ ನಿಷೇಧಿಸಿತು. ಪಕ್ಕದ ದೇಶದಲ್ಲಿ ಬೇಡ ಅಂದಿದ್ದು ನಮ್ಮಲ್ಲಿ ಯಾಕೆ ನಡೀಬೇಕು? ಇಂಥ ಕಡೆ ದೇಶಗಳು ಒಟ್ಟಾಗಿ ನಿಂತ್ರೆ ಅರ್ಥ ಇದೆ, ಒಂದೊಂದಾಗಿ ನಿಂತ್ರೆ ಕಂಪನಿಗಳು ಕೇಳಲ್ಲ.

ಪಂಚಾಯತ್ ಸದಸ್ಯೆ, ದ.ಕ.

ಹೌದು ಸರ್. 2025ರ ಮಾರ್ಚ್‌ನಲ್ಲಿ ಪುಣ್ಯಕ್ಷೇತ್ರಗಳ ಹೊಳೆದಡದಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಬಾರದು ಅಂತ ನಮ್ಮ ರಾಜ್ಯದ ಪರಿಸರ ಸಚಿವರು ಸೂಚನೆ ಕೊಟ್ಟಿದ್ದಾರೆ. ಸ್ನಾನಘಟ್ಟಗಳ ಮೆಟ್ಟಿಲಲ್ಲಿ ಬಿದ್ದಿರುವ ಶಾಂಪೂ ಚೀಟಿಗಳನ್ನು ನೋಡಿದವರಿಗೆ ಅದು ಎಷ್ಟು ಬೇಕಿತ್ತು ಅಂತ ಗೊತ್ತು. ಅಲ್ಲಿ ಅಂಗಡಿ ಇಟ್ಟ ಬಡವರ ಹೊಟ್ಟೆಪಾಡು ನೋಡಿಕೊಂಡು ಜಾರಿ ಮಾಡಬೇಕು ಅಷ್ಟೆ.

ಬೋಳಾರದವ

ಮಾತು ಚೆನ್ನಾಗಿ ಹೊರಟಿದೆ. ಹಡಗಿನ ವಿಷಯಕ್ಕೆ ಒಮ್ಮೆ ಬರುತ್ತೇನೆ, ಯಾಕೆಂದರೆ ಅಲ್ಲಿ ಪಂಚಾಯಿತಿ, ರಾಜ್ಯ ಯಾರಿಗೂ ಕೈ ಎಟಕುವುದಿಲ್ಲ.

ದಕ್ಷಿಣ ಏಷ್ಯಾದ ಕಡಲುಗಳಿಗೆ ಒಂದು ಕ್ರಿಯಾಯೋಜನೆ 1995ರಲ್ಲಿ ದೆಹಲಿಯಲ್ಲಿ ಒಪ್ಪಿತವಾಗಿತ್ತು. ಬಾಂಗ್ಲಾದೇಶ, ಭಾರತ, ಮಾಲ್ಡೀವ್ಸ್, ಪಾಕಿಸ್ತಾನ, ಶ್ರೀಲಂಕಾ ಐದೂ ದೇಶ ಅದರಲ್ಲಿವೆ. ತೈಲ, ರಾಸಾಯನಿಕ ಚೆಲ್ಲಿದರೆ ಒಬ್ಬರಿಗೊಬ್ಬರು ನೆರವಾಗುವ ಒಡಂಬಡಿಕೆಗೆ 2018ರಲ್ಲಿ ನಮ್ಮ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ, ನಮ್ಮ ಕಡೆಯಿಂದ ಹೊಣೆ ಕೋಸ್ಟ್ ಗಾರ್ಡ್‌ದು. ಅಂದರೆ ದಾರಿ ಹಾಕಿಟ್ಟಿದ್ದಾರೆ. ಪ್ಲಾಸ್ಟಿಕ್ ಕಾಳು ಮಾತ್ರ ಅದರ ಹೊರಗೆ ಉಳಿದಿದೆ. ಅಂತರರಾಷ್ಟ್ರೀಯ ಹಡಗು ನಿಯಮದಲ್ಲಿ ಅದು ಅಪಾಯಕಾರಿ ಸರಕಿನ ಪಟ್ಟಿಯಲ್ಲೇ ಇಲ್ಲ. ಗಟ್ಟಿ ಪ್ಯಾಕ್ ಮಾಡಿ, ಡೆಕ್ಕಿನ ಕೆಳಗೆ ಇಡಿ ಅಂತ ಅಂತರರಾಷ್ಟ್ರೀಯ ಸಮುದ್ರಯಾನ ಸಂಸ್ಥೆ 2024ರಲ್ಲಿ ಸಲಹೆ ಕೊಟ್ಟಿತು. ಸಲಹೆ ಅಷ್ಟೆ, ಕಡ್ಡಾಯ ಅಲ್ಲ.

ಪರಿಹಾರದ ಕತೆ ನೋಡಿ. ಕೇರಳ ಸರ್ಕಾರ ಹೈಕೋರ್ಟಿನಲ್ಲಿ ₹9,531 ಕೋಟಿ ಕೇಳಿತು, ಕೋರ್ಟು ಸದ್ಯಕ್ಕೆ ₹1,200 ಕೋಟಿಗೂ ಹೆಚ್ಚಿನ ಭದ್ರತೆ ಇಡಲು ಹೇಳಿತು. ಶ್ರೀಲಂಕಾದ ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ಎಕ್ಸ್-ಪ್ರೆಸ್ ಪರ್ಲ್ ಪ್ರಕರಣಕ್ಕೆ 100 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದಿತು. ಎರಡೂ ಕಡೆಯವರು ಬೇರೆ ಬೇರೆ ಹೋರಾಡುತ್ತಿದ್ದಾರೆ. ಕಾಳು ಎಷ್ಟು, ಎಲ್ಲಿಯವರೆಗೆ ಹೋಯಿತು, ಮೀನಿಗೆ ಏನಾಯಿತು ಎಂಬ ಪುರಾವೆ ಇಬ್ಬರಿಗೂ ಬೇಕು. ಎಲ್ಸಾದ ಕಾಳು ಶ್ರೀಲಂಕಾದ ದಡದಲ್ಲಿ ಸಿಕ್ಕಿದ ಲೆಕ್ಕ ಕೇರಳದ ಕೇಸಿಗೂ ಬಲ ಕೊಡುತ್ತದೆ. ಹಂಚಿಕೊಳ್ಳುವ ವ್ಯವಸ್ಥೆ ಬೇಕು.

ನಾನು ಮೂರು ಕೇಳುತ್ತೇನೆ. ಸೋರುವ ಕಂಟೇನರ್ ಬಂದರೆ ಯಾವ ಬಂದರು ಇಳಿಸಿಕೊಳ್ಳಬೇಕು ಅಂತ ಮೊದಲೇ ತೀರ್ಮಾನ ಆಗಿರಬೇಕು, ಬೇಡ ಅನ್ನುವ ಅವಕಾಶ ಇರಬಾರದು. ತೈಲದ ಒಡಂಬಡಿಕೆಗೆ ಪ್ಲಾಸ್ಟಿಕ್ ಕಾಳನ್ನೂ ಸೇರಿಸಬೇಕು. ದಡದ ಎಣಿಕೆ ಎಲ್ಲ ಕಡೆ ಒಂದೇ ರೀತಿ ಆಗಬೇಕು.

ಅಲೆಗಣಿತ

ಎಣಿಕೆಗೆ ನಮ್ಮಲ್ಲೂ ಅಡಿಪಾಯ ಇದೆ. ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದವರು ದಡದ ಕಸದ ಸಮೀಕ್ಷೆ ಮಾಡುತ್ತಾರೆ. 2022ರಲ್ಲಿ 75 ದಡಗಳಲ್ಲಿ 75 ದಿನ ಸ್ವಚ್ಛತಾ ಅಭಿಯಾನವೂ ನಡೆಯಿತು. ಅಭಿಯಾನದಲ್ಲಿ ಹೆಚ್ಚಾಗಿ ಉಳಿಯುವುದು ಎಷ್ಟು ಟನ್ ಎತ್ತಿದರು ಎಂಬ ಸಂಖ್ಯೆ. ಅದರಿಂದ ಏನು ಬಂತು, ಎಲ್ಲಿಂದ ಬಂತು ಎಂದು ಹೇಳಲು ಬರುವುದಿಲ್ಲ. ಅದೇ ಜಾಗ, ಅದೇ ಪಟ್ಟಿ, ಮುಂಗಾರಿಗೆ ಮೊದಲು, ಮುಂಗಾರಿನ ನಂತರ, ಚಳಿಗಾಲದಲ್ಲಿ. ಪ್ರವಾಹ ತಿರುಗುವುದರಿಂದ ಈ ಮೂರು ಕಾಲ ತಪ್ಪಬಾರದು.

ಮಾಲ್ಡೀವ್ಸ್‌ನ ಉದಾಹರಣೆ ಕೊಡಲೇಬೇಕು. ಅಲ್ಲಿನವರು ಟ್ಯೂನಾ ಹಿಡಿಯುವುದು ಗಾಳದ ಕೋಲಿನಿಂದ, ಬಲೆ ಬಳಕೆ ತೀರಾ ಕಡಿಮೆ. ಆದರೂ ಅವರ ಹವಳದ ದಂಡೆಗಳಿಗೆ ದೊಡ್ಡ ದೊಡ್ಡ ನೈಲಾನ್ ಬಲೆಗಳು ತೇಲಿ ಬರುತ್ತವೆ, ಒಳಗೆ ಸಿಕ್ಕಿಕೊಂಡ ಆಲಿವ್ ರಿಡ್ಲಿ ಆಮೆಗಳ ಸಮೇತ. ಕೆಲವಕ್ಕೆ ಮುಂಗಾಲೇ ಕತ್ತರಿಸಿ ಹೋಗಿರುತ್ತದೆ. ಬಲೆಗಳು ಹೊರಗಿನ ನೀರಿನವು.

ತಾಂಡೇಲ, ಮಲ್ಪೆ

ಬಲೆಯ ಮಾತು ಬಂದರೆ ನಮ್ಮ ಮೇಲೆ ಬೆರಳು ಬರುತ್ತದೆ. ಬರಲಿ, ಆದರೆ ನಮ್ಮ ಮಾತೂ ಕೇಳಿ. ಬಲೆ ಬೇಕೂಂತ ಬಿಸಾಡುವವರು ಇಲ್ಲ, ಅದರ ಕ್ರಯ ಕೇಳಿದರೆ ನಿಮಗೇ ಗೊತ್ತಾದೀತು. ಬಂಡೆಗೆ ಸಿಕ್ಕಿ ಹರಿಯುತ್ತದೆ, ತೂಫಾನಿಗೆ ಹೋಗುತ್ತದೆ, ರಾತ್ರಿ ಬಿಟ್ಟ ಕಂತುಬಲೆಯ ಮೇಲೆ ಟ್ರಾಲ್ ಬೋಟೋ ದೊಡ್ಡ ಹಡಗೋ ಹಾದು ಹೋಗುತ್ತದೆ. ಆ ಹೊತ್ತಿಗೆ ನಾಡದೋಣಿಯವನ ವರ್ಷದ ದುಡಿಮೆಯೇ ಹೋದ ಹಾಗೆ. ಹುಡುಕಲಿಕ್ಕೆ ಡೀಸೆಲ್ ಯಾರು ಕೊಡುತ್ತಾರೆ?

ಬಲೆ ಹೋದದ್ದನ್ನು ಹೇಳಿದವನಿಗೆ ದಂಡ ಹಾಕಬೇಡಿ. ಎಲ್ಲಿ ಹೋಯಿತು ಅಂತ ವಯರ್‌ಲೆಸ್‌ನಲ್ಲಿ ಹೇಳಿದರೆ ಆ ಕಡೆ ಇರುವ ಬೋಟು ಎತ್ತಬಹುದು. ಹಳೆ ಬಲೆ ದಕ್ಕೆಯಲ್ಲಿ ಕಿಲೋ ಲೆಕ್ಕದಲ್ಲಿ ತೆಗೆದುಕೊಳ್ಳುವವರಿದ್ದರೆ ಯಾರೂ ಮೂಲೆಯಲ್ಲಿ ರಾಶಿ ಹಾಕುವುದಿಲ್ಲ. ತಮಿಳುನಾಡಿನವರು ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ತೆಗೆದುಕೊಂಡು, ಖಾಲಿ ಬಾಟಲಿ ತಂದಾಗ ತಿರುಗಿ ಕೊಡುತ್ತಾರಲ್ಲ, ನೀಲಗಿರಿಯಲ್ಲಿ ಶುರು ಮಾಡಿದ್ದು, ಬಲೆಗೂ ಹಾಗೆ ಮಾಡಿ. ಹೊಸ ಬಲೆ ಕೊಳ್ಳುವಾಗ ಇಷ್ಟು ಹೆಚ್ಚು ಕೊಡುತ್ತೇವೆ, ಹಳೆಯದು ತಂದಾಗ ತಿರುಗಿ ಕೊಡಿ. ಕೇರಳ, ಕರ್ನಾಟಕ, ಗೋವಾ ಮೂರರಲ್ಲೂ ಒಂದೇ ನಿಯಮ ಇರಬೇಕು. ನಮ್ಮ ಬೋಟು ಒಂದು ದಿನ ಮಲ್ಪೆ, ಒಂದು ದಿನ ಬೇರೆ ರಾಜ್ಯದ ದಡ. ಒಂದು ಕಡೆ ಕಾಸು, ಇನ್ನೊಂದು ಕಡೆ ಬೈಗಳು ಆದರೆ ನಡೆಯುವುದಿಲ್ಲ.

ಪಂಚಾಯತ್ ಸದಸ್ಯೆ, ದ.ಕ.

ತಾಂಡೇಲರ ಮಾತನ್ನು ಕೆ-ಶೋರ್ ಯೋಜನೆಯಲ್ಲಿ ಸೇರಿಸಲು ಬರೆದು ಕೊಡೋಣ. ವಿಶ್ವಬ್ಯಾಂಕ್ ನೆರವಿನ ಈ ಕರಾವಳಿ ಯೋಜನೆ ಸುಮಾರು ₹840 ಕೋಟಿಯದ್ದು, ಪ್ಲಾಸ್ಟಿಕ್ ಕಸ ನಿರ್ವಹಣೆ ಅದರ ಒಂದು ಭಾಗ. ತಮಿಳುನಾಡಿಗೂ ಇದೇ ಮಾದರಿಯ ಯೋಜನೆ ಬಂದಿದೆ. ದಕ್ಕೆಗಳಲ್ಲಿ ಕಸ, ಹಳೆ ಬಲೆ ತೆಗೆದುಕೊಳ್ಳುವ ಕಟ್ಟೆ, ಮೀನುಗಾರ ಹೆಂಗಸರಿಗೆ ಅಲ್ಲಿ ಕೆಲಸ, ಕಿಂಡಿ ಅಣೆಕಟ್ಟಿನ ಹಲಗೆ ತೆಗೆಯುವ ಮೊದಲು ಕಸ ಎತ್ತುವುದು ಕಡ್ಡಾಯ. ಬೋಟು ಮಾಲಕರ ಸಂಘದ ಸಹಿ ಇದ್ದರೆ ತೂಕ ಬರುತ್ತದೆ. ತಾಂಡೇಲಣ್ಣ, ಸಂಘದವರ ಹತ್ತಿರ ಮಾತಾಡುತ್ತೀರಾ?

ತಾಂಡೇಲ, ಮಲ್ಪೆ

ಮಾತಾಡುತ್ತೇನೆ. ಕರಡು ಕಳಿಸಿ, ಕನ್ನಡದಲ್ಲೇ ಇರಲಿ.

ಮಂಜೇಶ್ವರದಾಕೆ

ಎಣಿಕೆಗೆ ನಮ್ಮ ಕಡೆಯಿಂದ ಕಣ್ವತೀರ್ಥದ ದಡ ತೆಗೆದುಕೊಳ್ಳುತ್ತೇವೆ, ಶಾಲೆಯ ಟೀಚರ್ ಇಬ್ಬರು ಒಪ್ಪಿದ್ದಾರೆ. ಬೋಳಾರದವರೇ, ನೀವು ಸೋಮೇಶ್ವರ ಅಥವಾ ಉಳ್ಳಾಲ ತೆಗೆದುಕೊಳ್ಳಿ. ಡೆನ್ ಹಾಗ್ ಅಕ್ಕ, ಆ ಪಟ್ಟಿಯನ್ನು ಕನ್ನಡ, ಮಲಯಾಳ ಎರಡರಲ್ಲೂ ಮಾಡಬೇಕು, ಮಲಯಾಳದ್ದು ನಾನು ಮಾಡುತ್ತೇನೆ. ನಿಮ್ಮಲ್ಲಿಲ್ಲದ ಸಾಲುಗಳೂ ಬೇಕಾಗುತ್ತವೆ: ಗುಟ್ಕಾ ಚೀಟಿ, ಶಾಂಪೂ ಚೀಟಿ, ಹಾಲಿನ ಕವರಿನ ಕತ್ತರಿಸಿದ ಮೂಲೆ.

ಡೆನ್ ಹಾಗ್ ಕನ್ನಡತಿ

ಖಂಡಿತ. ಪಟ್ಟಿ ಈ ವಾರ ಹಾಕುತ್ತೇನೆ. ಗಮನಿಸಿ: ಇಳಿತದ ಹೊತ್ತಿಗೆ ಹೋಗಬೇಕು, 100 ಮೀಟರಿನ ಎರಡೂ ತುದಿಗೆ ಬದಲಾಗದ ಗುರುತು ಇರಬೇಕು, ಅದೇ ಜಾಗದಲ್ಲಿ ಹಿಂದಿನ ದಿನ ಯಾರಾದರೂ ಸ್ವಚ್ಛತೆ ಮಾಡಿದ್ದರೆ ಬರೆದುಕೊಳ್ಳಬೇಕು. ಎಣಿಸಿದ ಮೇಲೆ ಕಸ ಅಲ್ಲೇ ಬಿಡಬಾರದು, ಎಲ್ಲಿಗೆ ಒಯ್ಯುವುದು ಎಂದು ಮೊದಲೇ ಪಂಚಾಯಿತಿ ಜೊತೆ ಮಾತಾಡಿಕೊಳ್ಳಿ.

ಕೋಟೆ ಹುಡುಗ

ನಾವು ಹಿನ್ನೀರಿನ ದಡದಲ್ಲಿ ಮಾಡ್ತೀವಿ. ಪ್ಯಾಕೆಟ್ ಮೇಲೆ ಯಾವ ಭಾಷೆ ಇದೆ ಅಂತ ಬರೆಯೋಕೂ ಒಂದು ಕಾಲಂ ಇಡಿ ಅಕ್ಕ. ತಯಾರಾದ ಊರು, ತಾರೀಖು ಓದೋಕೆ ಬಂದ್ರೆ ಅದಕ್ಕೂ ಒಂದು.